ತಮಟೆ ನಿಂತ ಮೇಲೆ ಕಹಳೆ

ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆ ಈಗ ಹೋಬಳಿ ಕೇಂದ್ರವಾಗಿ ಪರಿಚಿತವಾಗಿರುವುದಕ್ಕಿಂತ ಭಾಷಣಕಾರರೊಬ್ಬರ ಹೆಸರಿಗೆ ಅಂಟಿಕೊಂಡ ಊರಾಗಿಯೇ ನಾಡಿಗೆ ಹೆಚ್ಚು ಗೊತ್ತು. ಇಲ್ಲಿಂದ ಹಿಡಿದು ಬಯಲುಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಈಚೆಗೆ ಒಂದು ಮೆರವಣಿಗೆ ರೂಢಿಯಾಗಿದೆ. ಸೇನೆಯಿಂದ ನಿವೃತ್ತನಾದವನು ಊರಿಗೆ ಬಂದರೆ ತೆರೆದ ಜೀಪು, ಕೊರಳು ಮುಚ್ಚುವಷ್ಟು ಹಾರ, ಮುಂದೆ ತಮಟೆ, ಹಿಂದೆ ದೇಶಭಕ್ತಿಗೀತೆಯ ಡಿಜೆ. ಡಿಜೆ ನನಗೆ ಕಿವಿಗೆ ಭಾರ. ತಮಟೆಯ ಮಾತು ಬೇರೆ.

ಯೋಧನನ್ನು ವಾದ್ಯದೊಡನೆ ಕಳಿಸಿಕೊಡುವ ಕಲ್ಪನೆ ಇಲ್ಲಿ ಹೊಸದಲ್ಲ. ವೀರಗಲ್ಲನ್ನೇ ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಮಡಿದವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಕೆಲವು ಕಲ್ಲುಗಳಲ್ಲಿ ಜೊತೆಗೆ ವಾದ್ಯ ನುಡಿಸುವವರೂ ಇದ್ದಾರೆ. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿರುವ ಬೇಗೂರಿನ ಕಲ್ಲು ಇನ್ನೂ ಒಂದು ಹೆಜ್ಜೆ ಮುಂದೆ. ಗಂಗರ ಪರವಾಗಿ ಕಾದಿ ನಾಗತ್ತರ ಸತ್ತ ಮೇಲೆ ಇರುಗ ಎಂಬವನಿಗೆ ನಾಗತ್ತರನ ಪಟ್ಟವೂ ಬೆಂಪೂರು ಹನ್ನೆರಡು ಹಳ್ಳಿಗಳೂ ಕಲ್ನಾಡಾಗಿ, ಅಂದರೆ ವೀರನ ನೆನಪಿನ ಭೂದಾನವಾಗಿ, ಸಂದವು. ಹಾಡಿ ಹೊಗಳುವುದರ ಜೊತೆಗೆ ಹೊಲವನ್ನೂ ಬರೆದುಕೊಡುತ್ತಿದ್ದರು.

ಕಾಲ ಬದಲಾದಂತೆ ಯೋಧ ದೂರ ಹೋದ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆ ಪಡೆಯೊಡನೆ ಹೈಫಾ ಗೆದ್ದ ಮೈಸೂರು ಲ್ಯಾನ್ಸರ್‌ಗಳಿಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕ ನಿಂತಿತು. ಊರಿಗೆ ಬಂದದ್ದು ಸುದ್ದಿ ಮಾತ್ರ. 1962, 1965, 1971ರ ಯುದ್ಧಗಳಲ್ಲೂ ಬಹುಮಟ್ಟಿಗೆ ಅದೇ ಕತೆ. ಅಂತ್ಯಕ್ರಿಯೆ ಗಡಿಯ ಬಳಿಯೇ ಮುಗಿಯುತ್ತಿತ್ತು, ಮನೆಗೆ ತಂತಿ ಬರುತ್ತಿತ್ತು.

ಇದು ತಿರುಗಿದ್ದು 1999ರ ಕಾರ್ಗಿಲ್‌ನಲ್ಲಿ. ಮಡಿದವರ ದೇಹಗಳನ್ನು ಅವರವರ ಊರಿಗೇ ತಲುಪಿಸತೊಡಗಿದರು. ಅಲ್ಲಿಯವರೆಗೆ ದಂಡು ಪ್ರದೇಶದ ಬೇಲಿಯೊಳಗೆ ಕೇಳುತ್ತಿದ್ದ ಕಹಳೆ ಹಳ್ಳಿಯ ಶಾಲೆಯ ಮೈದಾನಕ್ಕೆ ಬಂತು. ಟೀವಿ ಅದನ್ನು ಮನೆಮನೆಗೆ ತೋರಿಸಿತು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮದಡಿಯಿಂದ ಜೀವಂತ ಸಿಕ್ಕು, ಕೆಲವೇ ದಿನಗಳಲ್ಲಿ ದೆಹಲಿಯಲ್ಲಿ ತೀರಿಕೊಂಡ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಧಾರವಾಡ ಜಿಲ್ಲೆಯ ಬೆಟದೂರಿನಲ್ಲಿ ಮಣ್ಣು ಮಾಡಿದಾಗ ನಾಡೇ ನೋಡುತ್ತಿತ್ತು.

ಆ ಕಹಳೆಯ ಧಾಟಿಗೆ ‘ಲಾಸ್ಟ್ ಪೋಸ್ಟ್’ ಎಂದು ಹೆಸರು. ಮೂಲದಲ್ಲಿ ಅದು ಶೋಕಗೀತೆಯೇ ಅಲ್ಲ. ಬ್ರಿಟಿಷ್ ಪಾಳೆಯದಲ್ಲಿ ರಾತ್ರಿ ಕಾವಲುಗಾರರ ತಾಣಗಳನ್ನೆಲ್ಲ ನೋಡಿಬಂದು, ಕೊನೆಯದೂ ಸರಿಯಿದೆ, ಇನ್ನು ಮಲಗಬಹುದು ಎಂದು ಸಾರುವ ಕರೆ. ಹತ್ತೊಂಬತ್ತನೇ ಶತಮಾನದಲ್ಲಿ ಅದು ಸಮಾಧಿಯ ಬಳಿಗೆ ಬಂತು. ದಿನದ ಕಾವಲು ಮುಗಿಯಿತೆಂದದ್ದು ಬದುಕಿನ ಕಾವಲು ಮುಗಿಯಿತೆಂದಾಯಿತು. ಸ್ವರ ಒಂದೂ ಬದಲಾಗಲಿಲ್ಲ.

ಅದು ನಿಂತ ಮೇಲೆ ಮೌನ. ಆಮೇಲೆ ಅದೇ ಕಹಳೆಯಲ್ಲಿ ಇನ್ನೊಂದು ಧಾಟಿ: ಪಾಳೆಯದಲ್ಲಿ ಬೆಳಗಾಯಿತೆಂದು ಸಿಪಾಯಿಗಳನ್ನು ಎಬ್ಬಿಸುವ ಕರೆ. ಅದನ್ನು ಕೇಳುವಾಗೆಲ್ಲ ನನಗೆ ವೀರಗಲ್ಲಿನ ಮೇಲಿನ ಪಟ್ಟಿಕೆ ನೆನಪಾಗುತ್ತದೆ. ಅಲ್ಲಿ ಸತ್ತವನು ಎದ್ದು ಕೂತು ಶಿವನಿಗೆ ಕೈಮುಗಿದಿರುತ್ತಾನೆ.