ಏಳು ಮನೆ ತಿರುಗುವ ಬಾಣಂತಿ

ಸಂತೆಕಲ್ಲೂರಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ದನದ ಕೊಟ್ಟಿಗೆಯಲ್ಲಿ, ಹೊಟ್ಟಿನ ಚೀಲಗಳ ಸಂದಿಯಲ್ಲಿ ಓಣಿಯ ಬೆಕ್ಕೊಂದು ಮರಿ ಹಾಕಿದೆ. ಉಳಿದದ್ದು ಒಂದೇ ಮರಿ, ಇನ್ನೂ ಕಣ್ಣು ಬಿಟ್ಟಿಲ್ಲ. ಮಕ್ಕಳೆಲ್ಲ ಹೋಗಿ ಬಗ್ಗಿ ನೋಡಿ ಬಂದ ಮರುದಿನ ಜಾಗ ಖಾಲಿ. ಹುಡುಕಿದರೆ ಪಕ್ಕದ ಮನೆಯ ಅಟ್ಟದ ಮೇಲೆ ಸಿಕ್ಕಿತು, ಅಲ್ಲಿಂದಲೂ ಮತ್ತೆಲ್ಲಿಗೋ ಹೋಯಿತು. ‘ಬೆಕ್ಕು ಮರೀನ ಏಳು ಮನಿ ತಿರುಗಸ್ತೈತಿ, ಆಮ್ಯಾಲೇ ಅದು ಕಣ್ ಬಿಡತೈತಿ’ ಎಂದು ಅವರ ಅವ್ವ ಹೇಳಿದರಂತೆ. ‘ಮನುಷ್ಯಾರ ಕೈ ತಾಕಿದ್ರ ತಾಯೀನ ಮರೀನ ತಿಂದ್ಬಿಡ್ತೈತ್ರಿ, ಮುಟ್ಟಬ್ಯಾಡ್ರಿ’ ಎಂದು ಓಣಿಯವರು ಹೆದರಿಸಿದರಂತೆ. ಇದರಲ್ಲಿ ಖರೆ ಯಾವುದು, ನಾವು ಮಾಡಬೇಕಾದ್ದು ಏನು ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆ ಆ ಊರಿಂದ ಬಂದದ್ದು ನನಗೆ ವಿಶೇಷ ಖುಷಿ. ಘನಮಠ ಶಿವಯೋಗಿಗಳು ಬೇಸಾಯದ ಅನುಭವವನ್ನೆಲ್ಲ ‘ಕೃಷಿ ಜ್ಞಾನ ಪ್ರದೀಪಿಕೆ’ ಎಂಬ ಪುಸ್ತಕವಾಗಿಸಿದ್ದು ಅದೇ ಊರಿನಲ್ಲಿ. ಕಾಳು ಬೆಳೆಯುವ ಊರಿಗೂ ಬೆಕ್ಕಿಗೂ ಇರುವ ನಂಟು ಬಹಳ ಹಳೆಯದು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂಳಿದ್ದು ಸಿಕ್ಕಿದೆ. ಜನ ಕಾಳು ಕೂಡಿಡಲು ಶುರುಮಾಡಿದರು, ಇಲಿ ಬಂತು, ಇಲಿಯ ಹಿಂದೆ ಕಾಡುಬೆಕ್ಕು ಬಂತು. ಸಿಂಧನೂರು ಕಡೆಯ ನೆಲ್ಲಿನ ಚೀಲಗಳ ನಡುವೆ ಇಂದು ಓಡಾಡುವ ಬೆಕ್ಕು ಆ ವಂಶದ್ದೇ. ಅದು ನಮ್ಮ ಕಣಜದ ಪಾಲುದಾರ. ಅದಕ್ಕೆ ಬಾಣಂತನ ಮಾಡುವುದರಲ್ಲಿ ಉಪಕಾರದ ಮಾತೇನೂ ಇಲ್ಲ.

ಮೊದಲು ಏಳು ಮನೆಯ ಮಾತು. ಬೆಕ್ಕು ಮರಿಯನ್ನು ಸ್ಥಳಾಂತರಿಸುವುದು ನಿಜ. ಏಳೇ ಮನೆ ಎಂಬ ಲೆಕ್ಕಕ್ಕೆ ಆಧಾರವಿಲ್ಲ. ನೆಮ್ಮದಿಯ ಜಾಗ ಸಿಕ್ಕರೆ ಒಂದೇ ಮನೆಗೆ ನಿಲ್ಲುವ ಬೆಕ್ಕೂ ಉಂಟು, ಕಾಟ ಹೆಚ್ಚಾದರೆ ಹತ್ತು ಕಡೆ ಅಲೆಯುವುದೂ ಉಂಟು. ಒಂದೇ ಜಾಗದಲ್ಲಿ ದಿನಗಟ್ಟಲೆ ಹಾಲೂಡಿಸಿದರೆ ಅಲ್ಲಿ ವಾಸನೆ ಕಟ್ಟುತ್ತದೆ, ಚಿಗಟ ಸೇರುತ್ತವೆ. ಆ ವಾಸನೆ ಹಿಡಿದು ನಾಯಿ ಬರುತ್ತದೆ. ನಾಯಿಗಿಂತ ದೊಡ್ಡ ಭಯ ಗಂಡುಬೆಕ್ಕಿನದು. ತನ್ನದಲ್ಲದ ಮರಿಯನ್ನು ಗಂಡುಬೆಕ್ಕು ಕೊಲ್ಲುವುದನ್ನು ಸಂಶೋಧಕರು ಹಳ್ಳಿ ತೋಟಗಳಲ್ಲಿ ಕಣ್ಣಾರೆ ಕಂಡು ದಾಖಲಿಸಿದ್ದಾರೆ. ಹಾಗಾಗಿ ಯಾರಾದರೂ ಜಾಗ ಪತ್ತೆಹಚ್ಚಿದರೆಂದು ಗುಮಾನಿ ಬಂದರೆ ಸಾಕು, ತಾಯಿ ಮರಿಯನ್ನು ಕಚ್ಚಿಕೊಂಡು ಹೊರಡುತ್ತದೆ. ಮರಿಗಳು ಕಣ್ಣು ಬಿಡುವುದು ಸಾಮಾನ್ಯವಾಗಿ ಏಳರಿಂದ ಹದಿನಾಲ್ಕು ದಿನದೊಳಗೆ. ತಾಯಿಯ ಓಡಾಟವೂ ಅದೇ ದಿನಗಳಲ್ಲಿ ಕಣ್ಣಿಗೆ ಬೀಳುವುದರಿಂದ ಅವ್ವ ಎರಡನ್ನೂ ಜೋಡಿಸಿದ್ದಾರೆ. ಅವರು ಕಂಡದ್ದು ಸರಿಯಾಗಿಯೇ ಇದೆ, ಕಾರಣ ಮಾತ್ರ ಬೇರೆ.

ಆ ಹೊರಡುವ ಗಳಿಗೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದದ್ದಿಲ್ಲ. ಅಲ್ಲಿಯವರೆಗೆ ಚೀರಿ ಕಾಲು ಬಡಿಯುತ್ತಿದ್ದ ಮರಿಯ ಹೆಡಕಿನ ಸಡಿಲ ಚರ್ಮವನ್ನು ತಾಯಿ ಬಾಯಲ್ಲಿ ಹಿಡಿದದ್ದೇ ತಡ, ಚೀರಾಟ ನಿಲ್ಲುತ್ತದೆ. ಹಿಂಗಾಲು ಮಡಚಿ ಹೊಟ್ಟೆಗೆ ಹತ್ತುತ್ತವೆ, ಬಾಲ ಕಾಲ ನಡುವೆ ಸುತ್ತಿಕೊಳ್ಳುತ್ತದೆ, ಮೈ ಪೂರ್ತಿ ಸಡಿಲವಾಗುತ್ತದೆ. ಇದೇ ಬಾಯಿ, ಇದೇ ಕೋರೆಹಲ್ಲು ಹಿಂದಿನ ರಾತ್ರಿಯಷ್ಟೇ ಹೆಗ್ಗಣವನ್ನು ಕೊಂದಿರುತ್ತದೆ. ಅದೂ ಹೆಡಕಿನಲ್ಲೇ! ಜರ್ಮನಿಯ ಪಾಲ್ ಲೈಹೌಸನ್ ಬೆಕ್ಕುಗಳ ಬೇಟೆಯನ್ನು ಜೀವನವಿಡೀ ಅಧ್ಯಯನ ಮಾಡಿದವರು. ಬೇಟೆಯ ಹೆಡಕು ಕಚ್ಚುವಾಗ ಬೆಕ್ಕಿನ ಕೋರೆಹಲ್ಲು ಬೆನ್ನುಮೂಳೆಯ ಎರಡು ಗೆಣ್ಣುಗಳ ನಡುವಿನ ಸಂದಿಯನ್ನು ಹುಡುಕಿ ಇಳಿಯುತ್ತದೆ ಎಂದು ಅವರು ವಿವರಿಸಿದ್ದಾರೆ. ಕೋರೆಹಲ್ಲಿನ ಬುಡದಲ್ಲಿ ಸ್ಪರ್ಶ ತಿಳಿಯುವ ನರಗಳು ತುಂಬಿರುವುದರಿಂದ ಇದು ಸಾಧ್ಯ. ಅದೇ ಹಲ್ಲು ಮರಿಯ ಚರ್ಮದ ಮೇಲೆ ಒಂದು ಗೀರೂ ಬೀಳದಂತೆ ನೂರು ಗ್ರಾಂ ತೂಕದ ಜೀವವನ್ನು ಎತ್ತಿ, ಗೋಡೆ ಹಾರಿ, ಮಾಳಿಗೆ ಏರಿ ಒಯ್ಯುತ್ತದೆ. ಒಂದೇ ಜಾಗ, ಒಂದೇ ಹಿಡಿತ. ಒಂದು ಕಡೆ ಸಾವು, ಇನ್ನೊಂದು ಕಡೆ ಬದುಕು.

ಮರಿ ಹಾಗೆ ಸುಮ್ಮನಾಗುವುದು ಭಯದಿಂದಲೇ? 2008ರಲ್ಲಿ ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಪಶುವೈದ್ಯರು ಕಾಗದದ ಕಟ್ಟಿಗೆ ಹಾಕುವ ಕ್ಲಿಪ್ಪುಗಳನ್ನು ಬೆಕ್ಕುಗಳ ಹೆಡಕಿನ ಚರ್ಮಕ್ಕೆ ಸಿಕ್ಕಿಸಿ ಪರೀಕ್ಷಿಸಿದರು. ಹೆಚ್ಚಿನವು ತೆಪ್ಪಗಾದವು. ಭಯವಾದಾಗ ಕಾಣುವ ಲಕ್ಷಣಗಳು, ಎದೆಬಡಿತ ಏರುವುದಾಗಲಿ, ಕಣ್ಣಪಾಪೆ ಹಿಗ್ಗುವುದಾಗಲಿ ಕಾಣಲಿಲ್ಲ. 2013ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೋಡ ಅವರ ತಂಡ ಇನ್ನೂ ಮುಂದೆ ಹೋಯಿತು. ತಾಯಿ ಎತ್ತಿದ ಇಲಿಮರಿಯ ಎದೆಬಡಿತ ಇಳಿಯುತ್ತದೆ, ಕೂಗು ನಿಲ್ಲುತ್ತದೆ ಎಂದು ಅವರು ಅಳೆದು ತೋರಿಸಿದರು. ಮರಿ ಸಡಿಲವಾಗದಂತೆ ತಡೆದರೆ ತಾಯಿಗೆ ಅದನ್ನು ಸಾಗಿಸುವುದೇ ಕಷ್ಟವಾಯಿತು. ಅಂದರೆ ಈ ಸಾಗಾಟದಲ್ಲಿ ಮರಿಯದೂ ಪಾಲಿದೆ, ಸುಮ್ಮನಿರುವುದೇ ಅದು ತಾಯಿಗೆ ಕೊಡುವ ಸಹಾಯ. ಅದೇ ತಂಡ ಆರು ತಿಂಗಳೊಳಗಿನ ಮನುಷ್ಯರ ಕೂಸುಗಳನ್ನೂ ನೋಡಿತು. ತಾಯಿ ಕೂತು ಎತ್ತಿಕೊಂಡಾಗ ಅಳುತ್ತಿದ್ದ ಕೂಸು, ಆಕೆ ಎದ್ದು ನಡೆಯತೊಡಗಿದ ಕೆಲವೇ ಸೆಕೆಂಡುಗಳಲ್ಲಿ ಶಾಂತವಾಯಿತು, ಎದೆಬಡಿತ ಇಳಿಯಿತು. ಹೆಗಲ ಮೇಲೆ ಹಾಕಿಕೊಂಡು ಪಡಸಾಲೆಯಲ್ಲಿ ಅಡ್ಡಾಡಿದರೆ ಮಗು ಸುಮ್ಮನಾಗುತ್ತದೆಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಕೂಸಿಗೂ ಇಲಿಮರಿಗೂ ಬೆಕ್ಕಿನಮರಿಗೂ ಇದು ಸಮಾನವಾದ ಬಹು ಹಳೆಯ ಗುಣ ಎಂಬುದು ಈಗ ತಿಳಿಯುತ್ತಿದೆ. ಒಂದು ಎಚ್ಚರಿಕೆ: ಬೆಳೆದ ಬೆಕ್ಕನ್ನು ಹೆಡಕು ಹಿಡಿದು ಎತ್ತಬೇಡಿ. ಮೂರ್ನಾಲ್ಕು ಕಿಲೋ ಭಾರ ಆ ಚರ್ಮದ ಮೇಲೆ ಜಗ್ಗಿದರೆ ಅದಕ್ಕೆ ನೋವಾಗುತ್ತದೆ.

ಇನ್ನು ‘ಮುಟ್ಟಿದರೆ ತಿನ್ನುತ್ತದೆ’ ಎಂಬುದು. ಇದು ಸುಳ್ಳು. ಮನುಷ್ಯರ ವಾಸನೆ ಹತ್ತಿತೆಂದು ತಾಯಿ ಮರಿಯನ್ನು ಬಿಡುವುದಿಲ್ಲ, ತಿನ್ನುವುದಂತೂ ಇಲ್ಲ. ಸತ್ತು ಹುಟ್ಟಿದ ಅಥವಾ ಉಳಿಯುವ ಲಕ್ಷಣವಿಲ್ಲದ ಮರಿಯನ್ನು ಕೆಲವೊಮ್ಮೆ ತಿನ್ನುವುದುಂಟು. ಹೆತ್ತ ಮೇಲೆ ಮಾಸನ್ನೂ ತಿನ್ನುತ್ತದೆ. ಬಾಯಿಗೆ ಮೆತ್ತಿದ ರಕ್ತ ನೋಡಿದವರು ಕಥೆ ಕಟ್ಟಿದ್ದಾರೆ. ಪಳಗಿದ ತಾಯಿಯ ಮರಿಗಳನ್ನು ದಿನವೂ ಕೈಯಲ್ಲಿ ಹಿಡಿದು ಆಡಿಸಿದ ಪ್ರಯೋಗಗಳಲ್ಲಿ ಅವು ತುಸು ಬೇಗನೇ ಕಣ್ಣು ಬಿಟ್ಟಿವೆ. ಎರಡರಿಂದ ಏಳು ವಾರದ ನಡುವೆ ಮನುಷ್ಯರ ಕೈ ಕಂಡ ಮರಿ ಜೀವನವಿಡೀ ಸ್ನೇಹದಿಂದಿರುತ್ತದೆ. ಹಾಗೆಂದು ಓಣಿಯ ಬೆಕ್ಕಿನ ಮರಿಯನ್ನು ಮೊದಲ ವಾರ ಎತ್ತಾಡಬೇಡಿ. ನಿಮ್ಮ ಕೈ ವಾಸನೆಗಿಂತ ನಿಮ್ಮ ಗದ್ದಲವೇ ಆ ತಾಯಿಗೆ ಕಾಟ.

ಮಾಸಿನ ಮಾತು ಬಂತಲ್ಲ, ಒಂದನ್ನು ಹೇಳದೆ ಇರಲಾರೆ. ಬೆಕ್ಕಿನ ಮಾಸನ್ನು ಒಣಗಿಸಿ ಅರಿಶಿನ ಹಚ್ಚಿ ಗಲ್ಲಾಪೆಟ್ಟಿಗೆಯಲ್ಲಿಟ್ಟರೆ ದುಡ್ಡು ಬರುತ್ತದೆಂದು ನಂಬಿದವರಿದ್ದಾರೆ. ಅದನ್ನು ಮಾರಿ ಗಳಿಸುವವರೂ ಇದ್ದಾರೆ. ಹೆರಿಗೆಯ ನೋವಿನಲ್ಲಿರುವ ಪ್ರಾಣಿಯ ಬಾಯಿಂದ ಅದನ್ನು ಕಸಿಯಲು ಕಾದು ಕೂರುವುದು ಕ್ರೌರ್ಯ. ಅಡ್ಡ ಹೋದ ಬೆಕ್ಕಿಗೆ ಕಲ್ಲೆಸೆಯುವುದೂ, ಕಣ್ಣು ಬಿಡದ ಮರಿಯನ್ನು ಚೀಲಕ್ಕೆ ಹಾಕಿ ಊರಾಚೆ ಬಿಟ್ಟು ಬರುವುದೂ ಅಷ್ಟೇ ಕ್ರೌರ್ಯ. ತಾಯಿಯಿಲ್ಲದೆ ಆ ಮರಿ ಕೆಲವೇ ಗಂಟೆಗಳಲ್ಲಿ ತಣ್ಣಗಾಗುತ್ತದೆ.

ಏಕೆಂದರೆ ಎಳೆಮರಿಗೆ ತನ್ನ ಮೈ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ಮೊದಲ ವಾರ ಅದಕ್ಕೆ ನಡುಗಲೂ ಬರುವುದಿಲ್ಲ. ಉಚ್ಚೆ, ಕಕ್ಕ ಕೂಡ ತಾಯಿ ನೆಕ್ಕಿ ಮಾಡಿಸಬೇಕು. ಒಡಹುಟ್ಟಿದವು ಇದ್ದರೆ ಒಂದರ ಮೇಲೊಂದು ಬಿದ್ದು ಕಾವು ಉಳಿಸಿಕೊಳ್ಳುತ್ತವೆ. ಸಂತೆಕಲ್ಲೂರಿನ ಈ ಮರಿ ಒಂಟಿ, ತಾಯಿ ಬೇಟೆಗೆ ಹೋದಾಗ ಅದಕ್ಕೆ ಜೊತೆಯಿಲ್ಲ. ಹಾಗಾಗಿ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಹಳೆಯ ಕೌದಿ ಹಾಸಿ, ತಾಯಿ ಆರಿಸಿದ ಜಾಗದ ಪಕ್ಕದಲ್ಲೇ ಇಟ್ಟು ದೂರ ಸರಿಯಿರಿ. ಬೇಕಾದರೆ ಅದೇ ಒಳಗೆ ತಂದಿಡುತ್ತದೆ. ಬೇಸಿಗೆಯಲ್ಲಿ ಮಾತ್ರ ತಗಡಿನ ಶೀಟಿನ ಕೆಳಗೆ ಬೇಡ. ರಾಯಚೂರು ಸೀಮೆಯ ಬಿಸಿಲಿಗೆ ಅಲ್ಲಿ ಮರಿ ಬೆಂದುಹೋಗುತ್ತದೆ.

ತಾಯಿ ನಿಜಕ್ಕೂ ಬಾರದೇ ಹೋದರೆ ಜನ ಮೊದಲು ಹಾಲಿಗೆ ಓಡುತ್ತಾರೆ. ತಣ್ಣಗಾದ ಮರಿಗೆ ಹಾಲು ಕುಡಿಸಬೇಡಿ. ಮೈ ತಣ್ಣಗಿದ್ದರೆ ಕರುಳು ಕೆಲಸ ಮಾಡುವುದಿಲ್ಲ, ಹಾಲು ಒಳಗೇ ಕೊಳೆಯುತ್ತದೆ. ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ನಿಧಾನವಾಗಿ ಬೆಚ್ಚಗಾಗಿಸಿ, ಆಮೇಲೆ ಹಾಲು. ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಆಕಳ ಹಾಲಿಗಿಂತ ಸುಮಾರು ಎರಡು ಪಟ್ಟು. ಎಮ್ಮೆಯ ಹಾಲಿನಲ್ಲಿ ಕೊಬ್ಬು ಇದ್ದರೂ ಪ್ರೋಟೀನ್ ಸಾಲದು. ಬೆಕ್ಕಿನಮರಿಗೆಂದೇ ಬರುವ ಹಾಲಿನ ಪುಡಿ ಸಿಂಧನೂರಿನಲ್ಲೋ ರಾಯಚೂರಿನಲ್ಲೋ ಸಿಗುತ್ತದೆಯೇ ವಿಚಾರಿಸಿ, ಪಶುವೈದ್ಯರನ್ನೂ ಕೇಳಿ. ಒಳಲೆಯಲ್ಲಿ ಕೂಸಿಗೆ ಕುಡಿಸುವ ಹಾಗೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿದು ಮರಿ ಸಾಯುತ್ತದೆ. ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲಾಗಿ ಇರಲಿ. ಪ್ರತಿ ಸಲ ಒದ್ದೆ ಬಟ್ಟೆಯಿಂದ ಹಿಂಭಾಗ ಒರೆಸಿ ಉಚ್ಚೆ ಮಾಡಿಸಿ.

ನಿಮ್ಮ ಬೆಕ್ಕು ಮಾತ್ರ ಮರಿಯನ್ನು ಬಿಟ್ಟಿಲ್ಲವಲ್ಲ. ಹಾಗಿರುವಾಗ ಮರಿಯ ಚಿಂತೆ ಅದಕ್ಕೇ ಇರಲಿ, ನೀವು ತಾಯಿಯನ್ನು ನೋಡಿಕೊಳ್ಳಿ. ಹಾಲೂಡಿಸುವ ಬೆಕ್ಕಿಗೆ ಮಾಮೂಲಿಗಿಂತ ಎರಡು ಮೂರು ಪಟ್ಟು ಆಹಾರ ಬೇಕು. ಹಾಲು ರೊಟ್ಟಿಯಿಂದ ಅದು ತೀರದು. ಬೆಕ್ಕು ಮಾಂಸದಿಂದಲೇ ಬದುಕುವ ಪ್ರಾಣಿ, ಟಾರಿನ್ ಎಂಬ ಅಂಶ ಮಾಂಸದಿಂದ ಸಿಗದಿದ್ದರೆ ಅದರ ಕಣ್ಣು, ಹೃದಯ ಎರಡೂ ಕೆಡುತ್ತವೆ. ಬೇಯಿಸಿದ ತತ್ತಿ, ಮುಳ್ಳು ತೆಗೆದ ಮೀನು, ಕೋಳಿಯ ಚೂರು ಕೊಡಬಹುದು. ಇವನ್ನು ಮನೆಗೆ ತರದವರು ನೀರಿಟ್ಟು, ಅದು ಇಲಿ ಹಿಡಿಯುವುದಕ್ಕೆ ಅಡ್ಡಿ ಮಾಡದಿದ್ದರೂ ಸಾಕು. ಆದರೆ ಅದೇ ಕೊಟ್ಟಿಗೆಯಲ್ಲಿ ಇಲಿಪಾಷಾಣ ಇಟ್ಟಿದ್ದರೆ ಇಂದೇ ತೆಗೆಯಿರಿ. ವಿಷ ತಿಂದ ಇಲಿಯನ್ನು ಬೆಕ್ಕು ತಿಂದರೆ ಅದಕ್ಕೂ ಅಪಾಯ. ಮರಿಯಿದ್ದ ಜಾಗವನ್ನು ಫಿನಾಯಿಲ್ ಹಾಕಿ ತೊಳೆಯಬೇಡಿ, ಜ್ವರವೆಂದು ಪ್ಯಾರಾಸಿಟಮಾಲ್ ಕೊಡಬೇಡಿ. ಇಂಥವನ್ನು ನಿರ್ವಿಷಗೊಳಿಸುವ ಒಂದು ರಾಸಾಯನಿಕ ಕ್ರಿಯೆ ಬೆಕ್ಕಿನ ಪಿತ್ತಜನಕಾಂಗದಲ್ಲಿ ತೀರಾ ದುರ್ಬಲ. ಅರ್ಧ ಗುಳಿಗೆಯೂ ಅದನ್ನು ಕೊಲ್ಲಬಲ್ಲದು. ತಾಯಿ ಹೆದರಿ ಪರಚಿದರೆ, ಕಚ್ಚಿದರೆ, ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ರೇಬಿಸ್ ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೋಗಿ.

ನಾಲ್ಕನೇ ವಾರದ ಹೊತ್ತಿಗೆ ಮರಿ ತಾಯಿಯ ತಟ್ಟೆಗೆ ಮೂತಿ ಹಾಕುತ್ತದೆ. ಎಂಟನೇ ವಾರಕ್ಕೆ ಹಾಲು ಬಿಡುತ್ತದೆ. ಅಷ್ಟರೊಳಗೆ, ಹಾಲೂಡಿಸುತ್ತಲೇ ತಾಯಿ ಮತ್ತೆ ಗರ್ಭ ಧರಿಸಬಹುದು. ಬೆಕ್ಕಿನ ಗರ್ಭದ ಅವಧಿ ಒಂಬತ್ತು ವಾರವಷ್ಟೇ. ಆದ್ದರಿಂದ ಮರಿ ಹಾಲು ಬಿಟ್ಟ ಕೂಡಲೇ ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಏರ್ಪಾಡು ಮಾಡಿ. ಬೆಕ್ಕಿಗೆ ಆ ಶಸ್ತ್ರಚಿಕಿತ್ಸೆ ಎಲ್ಲಿ ಮಾಡುತ್ತಾರೆಂದು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಈಗಲೇ ವಿಚಾರಿಸಿಟ್ಟುಕೊಳ್ಳಿ.