ಬಾವಿ ಇಲ್ಲದ ಊರಿಗೆ ಬಂದ ಉಮ್ಮ

ಮಧ್ಯಾಹ್ನ ಮೂರೂಮುಕ್ಕಾಲು ಆಗುವಾಗ ಉಮ್ಮ ಹೊರಗಿನ ಕಟ್ಟೆಗೆ ಬಂದು ಕೂತುಕೊಳ್ಳುತ್ತಾರೆ. “ಅಸರ್‌ನ ಬಾಂಗ್ ಆಯಿತಾ ಮೋನೆ?” ಎಂದು ಕೇಳುತ್ತಾರೆ. ಇನ್ನೂ ಆಗಿಲ್ಲ ಎಂದರೆ ಅವರಿಗೆ ನಂಬಿಕೆ ಇಲ್ಲ. ಅವರ ಲೆಕ್ಕ ಸರಿಯೇ. ಎಪ್ಪತ್ತು ವರ್ಷ ಕರಾವಳಿಯಲ್ಲಿ ಶಾಫಿ ಮದ್ಹಬಿನ ಸಮಯಕ್ಕೆ ನಮಾಜ್ ಮಾಡಿದವರು. ನೆರಳು ವಸ್ತುವಿನ ಒಂದು ಪಟ್ಟು ಉದ್ದ ಆಗುವಾಗ ನಮಗೆ ಅಸರ್. ಇಲ್ಲಿ ಜಂಗಮಕೋಟೆಯಲ್ಲಿ ಎಲ್ಲರೂ ಹನಫಿಗಳು, ನೆರಳು ಎರಡು ಪಟ್ಟು ಆಗಬೇಕು. ಹಾಗಾಗಿ ಬಾಂಗ್ ಕೇಳಿಸಲು ಇನ್ನೂ ಹತ್ತಿರ ಹತ್ತಿರ ಒಂದು ಗಂಟೆ ಉಂಟು. ನಿನ್ನೆ ಯಾರು ಬಂದಿದ್ದರು ಎಂಬುದು ನೆನಪಿಲ್ಲದ ಉಮ್ಮನಿಗೆ ಅಸರ್‌ನ ಬಿಸಿಲು ಮಾತ್ರ ನೆನಪು ಉಂಟು.

ನಾನು ಶಿಡ್ಲಘಟ್ಟ ತಾಲೂಕಿನ ಈ ಊರಿನ ಮದ್ರಸಕ್ಕೆ ಬಂದು ಕೆಲವು ವರ್ಷ ಆಯಿತು. ಇಲ್ಲಿ ನನ್ನನ್ನು ಉಸ್ತಾದ್ ಎನ್ನುವವರಿಲ್ಲ, ಹಜರತ್ ಎನ್ನುತ್ತಾರೆ. ಮಕ್ಕಳ ಮನೆಮಾತು ದಖನಿ, ಅಂಗಡಿಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಬ್ಯಾರಿ ಭಾಷೆ ಗೊತ್ತಿರುವ ಮನೆ ಇಡೀ ಊರಿನಲ್ಲಿ ನಮ್ಮದೊಂದೇ. ಅಂತಹ ಕಡೆಗೆ ಬ್ಯಾರಿ ಮತ್ತು ತುಳು ಬಿಟ್ಟರೆ ಬೇರೆ ಭಾಷೆ ಬಾರದ ಉಮ್ಮನನ್ನು ತಂದದ್ದು ಸರಿಯಾ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ನಮ್ಮ ಸಮುದಾಯದಲ್ಲಿ ಈಗ ಮನೆಗೊಬ್ಬರು ಗಲ್ಫಿನಲ್ಲಿ, ಒಬ್ಬರು ಬೆಂಗಳೂರಿನ ಬೇಕರಿಯಲ್ಲಿ, ಒಬ್ಬರು ನನ್ನ ಹಾಗೆ ಘಟ್ಟದ ಮೇಲೆ. ಊರಿನ ಮನೆಯಲ್ಲಿ ಉಮ್ಮ ಒಬ್ಬರೇ. ಹಾಗಾಗಿ ಇದು ನಮ್ಮ ಮನೆಯ ಕತೆ ಮಾತ್ರ ಅಲ್ಲ ಎಂದುಕೊಂಡು ಬರೆಯುತ್ತಿದ್ದೇನೆ.

ಉಪ್ಪ ತೀರಿಹೋದ ಮೇಲೆ ಉಮ್ಮ ವಿಟ್ಲದ ಕಡೆಯ ನಮ್ಮ ಮನೆಯಲ್ಲಿ ಒಂಟಿಯಾಗಿದ್ದರು. ಮೊದಲು ಗ್ಯಾಸ್ ಆರಿಸಲು ಮರೆತರು. ಮತ್ತೆ ಒಂದು ದಿನ ಸುಬಹಿಗೆ ವುಝೂ ಮಾಡಲು ಬಾವಿಕಟ್ಟೆಗೆ ಹೋಗಿ ಜಾರಿ ಬಿದ್ದರು. ಬೆಳಕಾದ ಮೇಲೆ ನೆರೆಮನೆಯವರು ನೋಡಿದ್ದು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ನಾವು ಮೂವರು ಮಕ್ಕಳು ವಾಟ್ಸ್ಆ್ಯಪಿನಲ್ಲಿ ಮಾತನಾಡಿ ‘ಪಾಳಿ’ ಮಾಡಿದೆವು. ಮೂರು ತಿಂಗಳು ಅಕ್ಕನ ಮನೆ, ಮೂರು ತಿಂಗಳು ನನ್ನ ಮನೆ, ಅಣ್ಣ ದಮ್ಮಾಮಿನಿಂದ ಬಂದಾಗ ಅವನ ಮನೆ. ಕೇಳಲು ನ್ಯಾಯವಾಗಿಯೇ ಇತ್ತು. ಆದರೆ ಪ್ರತಿಸಲ ಮನೆ ಬದಲಾದಾಗ ಉಮ್ಮ ಇನ್ನಷ್ಟು ಕುಗ್ಗಿದರು. ಪಾಯಿಖಾನೆ ಯಾವ ಬದಿ, ಲೈಟಿನ ಸ್ವಿಚ್ ಎಲ್ಲಿ, ತನ್ನ ನಮಾಜಿನ ಬಟ್ಟೆ ಯಾವ ಮೊಳೆಯಲ್ಲಿ ತೂಗುತ್ತದೆ ಎಂದು ಕಲಿಯುವಷ್ಟರಲ್ಲಿ ಬ್ಯಾಗ್ ಕಟ್ಟುವ ದಿನ ಬರುತ್ತಿತ್ತು. ನಾವು ಉಮ್ಮನನ್ನು ಹಂಚಿಕೊಂಡದ್ದಲ್ಲ, ನಮ್ಮ ತೊಂದರೆಯನ್ನು ಹಂಚಿಕೊಂಡದ್ದು.

ಇದನ್ನು ನಮಗೆ ಬಿಡಿಸಿ ಹೇಳಿದ್ದು ವೈದ್ಯರು. ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ ಸೇರಿ 2022ರಲ್ಲಿ ಮಿದುಳು ಆರೋಗ್ಯದ ಒಂದು ಯೋಜನೆ ಆರಂಭಿಸಿದವು. ಅದರ ಮೊದಲ ಹಂತದ ಜಿಲ್ಲೆಗಳಲ್ಲಿ ಕೋಲಾರ ಮತ್ತು ಚಿಕ್ಕಬಳ್ಳಾಪುರವೂ ಇದ್ದವು. ನೆನಪು ಹೋಗುವುದು, ಪಾರ್ಶ್ವವಾಯು, ಅಪಸ್ಮಾರ ಇಂತಹ ಕಾಯಿಲೆಗಳಿಗೆ ಜಿಲ್ಲಾಸ್ಪತ್ರೆಯಲ್ಲೇ ಕ್ಲಿನಿಕ್ ಎಂಬುದು ಅದರ ಉದ್ದೇಶ. ಇದಕ್ಕೆ ಬೆಂಗಳೂರಿಗೇ ಓಡಬೇಕು ಎಂದು ನಾನು ತಿಳಿದಿದ್ದೆ. ಡಾಕ್ಟರ್ ಮೊದಲು ರಕ್ತ ಪರೀಕ್ಷೆ ಬರೆದರು, ಥೈರಾಯ್ಡ್ ಮತ್ತು ಬಿ12. ಇವು ಕಡಿಮೆಯಾದರೂ ಮರೆವು ಬರುತ್ತದಂತೆ, ಅದಕ್ಕೆ ಮದ್ದು ಉಂಟಂತೆ. “ವಯಸ್ಸಾಯಿತಲ್ಲ, ಮರೆವು ಸಹಜ” ಎಂದು ನಾವು ಮನೆಯಲ್ಲೇ ತೀರ್ಪು ಕೊಟ್ಟು ಕೂತುಬಿಡುತ್ತೇವೆ. ಉಮ್ಮನದ್ದು ಆ ಬಗೆಯ ಮರೆವು ಅಲ್ಲ, ಡಿಮೆನ್ಶಿಯಾ ಎಂದಾಯಿತು. ಭಾರತದಲ್ಲಿ 60 ದಾಟಿದ ನೂರು ಮಂದಿಯಲ್ಲಿ ಸುಮಾರು ಏಳು ಮಂದಿಗೆ ಇದು ಉಂಟು ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ, ಒಟ್ಟು 88 ಲಕ್ಷ ಜನ. ಪೂರ್ತಿ ಗುಣ ಮಾಡುವ ಮದ್ದಿಲ್ಲ. ಒಂದೇ ಮನೆ, ಒಂದೇ ದಿನಚರಿ, ಅದೇ ಮುಖಗಳು, ಅವೇ ಮದ್ದಿಗಿಂತ ದೊಡ್ಡದು ಎಂದರು. ಅವತ್ತಿಗೆ ನಮ್ಮ ಪಾಳಿ ಮುಗಿಯಿತು. ಅಕ್ಕನ ಮನೆಯಲ್ಲಿ ಅವಳ ಮಾವನೂ ಹಾಸಿಗೆ ಹಿಡಿದಿದ್ದರು. ಉಮ್ಮ ಇಲ್ಲಿ ನಿಲ್ಲುವುದು ಎಂದಾಯಿತು.

ಬಂದ ಮೊದಲ ವಾರ ದಿನಕ್ಕೆ ಹತ್ತು ಸಲ ಕೇಳಿದ್ದು ಒಂದೇ ಪ್ರಶ್ನೆ, “ಬಾವಿ ಎಲ್ಲಿ?” ಈ ಸೀಮೆಯಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳುಂಟು, ನೀರು ತುಂಬಿದ ಬಾವಿ ಎಲ್ಲಿಂದ ತರುವುದು? ನಲ್ಲಿ ತೋರಿಸಿದರೆ, “ಇದು ಮಸೀದಿಯದ್ದು, ಮನೆಯ ಬಾವಿ ಎಲ್ಲಿ?” ಎಂದರು. ಕೊನೆಗೆ ನನ್ನ ಹೆಂಡತಿ ಒಂದು ದೊಡ್ಡ ಪ್ಲಾಸ್ಟಿಕ್ ಡ್ರಮ್ಮು ತುಂಬಿಸಿ, ಪಕ್ಕದಲ್ಲಿ ಹಗ್ಗ ಕಟ್ಟಿದ ಸಣ್ಣ ಕೊಡಪಾನ ಇಟ್ಟಳು. ಉಮ್ಮ ಅದರಿಂದಲೇ ವುಝೂ ಮಾಡುತ್ತಾರೆ. ಚಳಿಗಾಲ ಇನ್ನೊಂದು ಕತೆ. ಜೀವಮಾನದಲ್ಲಿ ಸ್ವೆಟರ್ ಹಾಕದವರು, ಹಾಕಿದರೆ ಐದು ನಿಮಿಷಕ್ಕೆ ತೆಗೆದು ಮಡಚಿ ನನ್ನ ಕೈಗೆ ಕೊಡುತ್ತಿದ್ದರು, “ಇದು ಯಾರದ್ದೋ, ವಾಪಸ್ ಕೊಟ್ಟು ಬಾ” ಎಂದು. ರಾಗಿ ಮುದ್ದೆ ನೋಡಿ ನಕ್ಕರು. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ಇದ್ದರೆ ಮಾತ್ರ ಊಟ. ಅಕ್ಕಿಯನ್ನು ಅಕ್ಕ ಮಂಗಳೂರಿನ ಬಸ್ಸಿನಲ್ಲಿ ಪಾರ್ಸೆಲ್ ಹಾಕುತ್ತಾಳೆ.

ಉಮ್ಮ ಮೂವತ್ತೈದು ವರ್ಷ ಬೀಡಿ ಕಟ್ಟಿದವರು. ನಮ್ಮ ಮೂವರ ಶಾಲೆಯ ಫೀಸು, ಅಕ್ಕನ ಮದುವೆಯ ಚಿನ್ನ ಎಲ್ಲ ಆ ಮೊರದಿಂದಲೇ ಬಂದದ್ದು. ಈಗಲೂ ಕೈ ಸುಮ್ಮನಿರುವುದಿಲ್ಲ. ನನ್ನ ಮಗಳ ನೋಟ್‌ಬುಕ್ಕಿನ ಹಾಳೆ ಹರಿದು, ಬೆರಳಿನಲ್ಲಿ ಸುರುಟಿ, ಇಲ್ಲದ ನೂಲಿನಿಂದ ಕಟ್ಟುತ್ತಾರೆ. ಇಪ್ಪತ್ತೈದು ಆದಾಗ ಒಂದು ಕಟ್ಟು. ಮಗಳು ಮೊದಲು ಅತ್ತಳು, ಈಗ ಹಳೆ ಪೇಪರನ್ನು ಅವಳೇ ಕತ್ತರಿಸಿ ಕೊಡುತ್ತಾಳೆ.

ಬೀಡಿಯ ವಿಷಯ ಬಂದ ಕಾರಣ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಅನೇಕ ಮನೆಗಳಿಗೆ ಉಪಯೋಗಕ್ಕೆ ಬಂದೀತು. ಉಮ್ಮನಿಗೆ ಬೀಡಿಯ ಪಿಎಫ್‌ನಿಂದ ಪಿಂಚಣಿ ಬರುತ್ತದೆ, 2014ರಲ್ಲಿ ನಿಗದಿ ಮಾಡಿದ ಕನಿಷ್ಠ ಮೊತ್ತ, ತಿಂಗಳಿಗೆ 1,000 ರೂಪಾಯಿ. ವರ್ಷಕ್ಕೊಮ್ಮೆ ಜೀವಂತ ಇದ್ದಾರೆ ಎಂಬ ಪ್ರಮಾಣಪತ್ರ ಕೊಡಬೇಕು. ಒಂದು ಕಚೇರಿಯಲ್ಲಿ ಹತ್ತು ಬೆರಳು ಇಟ್ಟರೂ ಮೆಷಿನ್ ಒಪ್ಪಲಿಲ್ಲ. ಎಲೆ ಸುರುಟಿ ಸುರುಟಿ ಬೆರಳ ಗೆರೆಗಳೇ ಸವೆದಿದ್ದವು. “ಅಜ್ಜಿಯ ಬೆರಳಚ್ಚು ಬರ್ತಿಲ್ಲ, ನಾಳೆ ಬನ್ನಿ” ಎಂದು ಮೂರು ಸಲ ಕಳುಹಿಸಿದರು. ಪಿಂಚಣಿಯೂ ನಿಂತಿತು. ಮೊಬೈಲಿನಲ್ಲಿ ಮುಖ ತೋರಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ 2021ರಿಂದಲೇ ಉಂಟು ಎಂದು ಅಲ್ಲಿ ಯಾರೂ ಹೇಳಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಮನೆಯ ಬಾಗಿಲಲ್ಲೇ ಹತ್ತು ನಿಮಿಷದಲ್ಲಿ ಮಾಡಿಕೊಟ್ಟ. ಕಣ್ಣು ಮಿಟುಕಿಸಿ ಎಂದಾಗ ಉಮ್ಮ ನಾಚಿಕೊಂಡದ್ದೇ ತಡ ಆದದ್ದು.

ಇನ್ನು ಹೇಳಲು ಕಷ್ಟವಾಗುವ ಭಾಗ. ತಂದೆತಾಯಿಗೆ ‘ಛೆ’ ಎಂದು ಕೂಡ ಹೇಳಬಾರದು ಎಂಬ ಸೂರಃ ಇಸ್ರಾಅ್‌ನ ಪಾಠವನ್ನು ನಾನು ಪ್ರತಿವರ್ಷ ಮಕ್ಕಳಿಗೆ ಮಾಡುತ್ತೇನೆ. ಒಂದು ಬೆಳಿಗ್ಗೆ ಅದೇ ಪಾಠ ಮುಗಿಸಿ ಮನೆಗೆ ಬಂದಾಗ ನನ್ನ ಹೆಂಡತಿ ಬಚ್ಚಲಿನ ಬಾಗಿಲಲ್ಲಿ ಸೊಂಟ ಹಿಡಿದು ಕೂತಿದ್ದಳು. ರಾತ್ರಿ ಮೂರು ಸಲ ಎದ್ದು ಉಮ್ಮನ ಬಟ್ಟೆ ಬದಲಿಸಿದ್ದಳು. ನಾನು ಮಲಗಿದ್ದೆ. “ಮಾಮಿಯ ಸೇವೆ ಮಾಡಲಿಕ್ಕೆ ನನಗೆ ಬೇಜಾರಿಲ್ಲ. ಆದರೆ ಅದರ ಪ್ರತಿಫಲ ಮಾತ್ರ ನಿಮಗೆ ಸಿಗುವುದಾ?” ಎಂದಳು. ನಮ್ಮ ಕರ್ಮಶಾಸ್ತ್ರದಲ್ಲಿ ಗಂಡನ ತಂದೆತಾಯಿಯ ಚಾಕರಿ ಹೆಂಡತಿಯ ಮೇಲೆ ಕಡ್ಡಾಯವಲ್ಲ. ಕಡ್ಡಾಯ ಇರುವುದು ಮಗನ ಮೇಲೆ. ಅವಳು ಮಾಡಿದರೆ ಅದು ಅವಳ ದೊಡ್ಡ ಮನಸ್ಸು. ಇದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ನಮ್ಮ ವಅಝ್‌ಗಳಲ್ಲಿ ಅತ್ತೆಯ ಸೇವೆ ಮಾಡುವ ಸೊಸೆಯನ್ನು ಹೊಗಳುವಷ್ಟು, ರಾತ್ರಿ ಎದ್ದು ಚಾದರ ಒಗೆಯುವ ಮಗನ ವಿಷಯ ಬರುವುದಿಲ್ಲ. ನಾನೂ ಹೇಳಿದವನಲ್ಲ.

ಅವತ್ತಿನಿಂದ ರಾತ್ರಿಯ ಪಾಳಿ ನನ್ನದು. ಬಟ್ಟೆ ಒಗೆಯುವುದು, ಗಂಜಿ ಬೇಯಿಸುವುದು ನನ್ನದು. ಸ್ನಾನ ಮಾತ್ರ ಹೆಂಗಸರೇ ಮಾಡಿಸಬೇಕು. ಅದು ಉಮ್ಮನ ಮರ್ಯಾದೆಯ ಪ್ರಶ್ನೆ.

ಆದರೂ ಹಗಲಿಗೆ ಒಬ್ಬರು ಬೇಕೇ ಬೇಕಾಗಿತ್ತು. ಅಣ್ಣ ಫೋನಿನಲ್ಲಿ, “ಮಂಗಳೂರಿನಲ್ಲಿ ಒಳ್ಳೆಯ ವೃದ್ಧಾಶ್ರಮ ನೋಡು, ದುಡ್ಡು ನಾನು ಹಾಕುತ್ತೇನೆ” ಎಂದ. ನಾನು ಸಿಟ್ಟಿನಲ್ಲಿ ಏನೇನೋ ಹೇಳಿದೆ. ಎರಡು ವಾರ ಮಾತು ಬಿಟ್ಟೆವು. ಈಗ ಯೋಚಿಸಿದರೆ ಅವನ ಮೇಲೆ ಅಷ್ಟು ಸಿಟ್ಟು ಬೇಕಾಗಿರಲಿಲ್ಲ. ನೋಡಿಕೊಳ್ಳುವ ಜನವೇ ಇಲ್ಲದ ಮನೆಯಲ್ಲಿ ಬಾಗಿಲಿಗೆ ಬೀಗ ಹಾಕಿ ಹೋಗುವುದಕ್ಕಿಂತ, ಸರಿಯಾಗಿ ನೋಡಿಕೊಳ್ಳುವ ಕಡೆ ಬಿಡುವುದು ಕೆಟ್ಟದ್ದು ಎಂದು ನಾನು ಹೇಳಲಾರೆ. ಬಿಟ್ಟು ಮರೆತುಬಿಡುವುದು ಬೇರೆ. ಅದು ನಮ್ಮ ದೀನಿನಲ್ಲೂ ತಪ್ಪು, 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲೂ ಅಪರಾಧ. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರವನ್ನೇ ರದ್ದು ಮಾಡಿಸಲು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಬಹುದು. ಷರತ್ತು ಪತ್ರದಲ್ಲೇ ಬರೆದಿರುವುದು ಒಳ್ಳೆಯದು, ನಮ್ಮವರು ಬರೆಸುವುದಿಲ್ಲ. ಹಿರಿಯರ ಸಹಾಯವಾಣಿ 14567 ಎಂಬ ಸಂಖ್ಯೆಯನ್ನು ಮಸೀದಿಯ ಬೋರ್ಡಿನಲ್ಲಿ ಬರೆದು ಹಾಕಿದ್ದೇನೆ. ಯಾರು ಫೋನ್ ಮಾಡಿದರು ಎಂದು ವಿಚಾರಿಸಲು ಹೋಗಿಲ್ಲ.

ಕೊನೆಗೆ ಅಣ್ಣನ ದುಡ್ಡಿನಲ್ಲೇ, ಮೊದಲು ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದ ಒಬ್ಬ ವಿಧವೆಯನ್ನು ಹಗಲಿಗೆ ಗೊತ್ತುಮಾಡಿದೆವು. ಅಕ್ಕ ವರ್ಷಕ್ಕೆ ಎರಡು ಸಲ ಹದಿನೈದು ದಿನ ಬಂದು ನಿಲ್ಲುತ್ತಾಳೆ. ಆಗ ನನ್ನ ಹೆಂಡತಿ ತನ್ನ ಉಮ್ಮನ ಮನೆಗೆ ಹೋಗುತ್ತಾಳೆ. ಅವಳಿಗೂ ಒಬ್ಬರು ಉಮ್ಮ ಇದ್ದಾರೆ ಎಂಬುದು ಈ ಗಡಿಬಿಡಿಯಲ್ಲಿ ನಮಗೆ ಮರೆತೇಹೋಗಿತ್ತು.

ಉಮ್ಮ ಆ ಹೆಂಗಸನ್ನು ಸುಲಭಕ್ಕೆ ಒಪ್ಪಲಿಲ್ಲ. ನಮಾಜಿನ ಬಟ್ಟೆ ಕದ್ದಳು ಎಂದರು, ತಲೆದಿಂಬಿನ ಒಳಗೆ ತಾವೇ ತುರುಕಿಟ್ಟಿದ್ದರು. ಒಂದು ಮಧ್ಯಾಹ್ನ ಅವಳ ಕಣ್ಣು ತಪ್ಪಿಸಿ ಹೊರಗೆ ಹೋದವರು ಸಿಗಲಿಲ್ಲ. ನಾನು ಕ್ರಾಸಿನವರೆಗೂ ಓಡಿದೆ. ಕೊನೆಗೆ ಕಂಡದ್ದು ಮೂರು ಮನೆ ಆಚೆ, ಗೌಡರ ಹುಳು ಮನೆಯಲ್ಲಿ. ನನ್ನ ಎದೆ ಧಸಕ್ಕೆಂದಿತು. ರೋಗ ತಗಲುತ್ತದೆ ಎಂದು ಹುಳು ಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿರುತ್ತಾರೆ. ಒಂದು ಬೆಳೆ ಹೋದರೆ ಅವರ ಸಾಲಕ್ಕೆ ಯಾರು ಹೊಣೆ? ಆದರೆ ಗೌಡರ ಹೆಂಡತಿ ಜಗಲಿಯಿಂದಲೇ ಕೂಗಿದರು, “ಇಲ್ಲೇ ಅವ್ರೆ ಕಣ್ ಸಾಬ್ರೇ, ಗಾಬ್ರಿ ಬೀಳ್ಬೇಡಿ. ಗೂಡು ಬಿಡಿಸ್ತಾವ್ರೆ.” ಹುಳುವೆಲ್ಲ ಹಣ್ಣಾಗಿ ಗೂಡು ಕಟ್ಟಿ ಆಗಿತ್ತು. ಉಮ್ಮ ಚಂದ್ರಿಕೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದೇ ಗೂಡು ಕಿತ್ತು ಬುಟ್ಟಿಗೆ ಹಾಕುತ್ತಿದ್ದರು. ಅಷ್ಟು ಚುರುಕಾಗಿ ಆ ಬೆರಳು ಆಡಿದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ನನ್ನನ್ನು ಕಂಡು, “ಸಾವಿರ ಆಯಿತು, ಬ್ರಾಂಚಿಗೆ ಕೊಂಡುಹೋಗು” ಎಂದರು.

ಆಮೇಲೆ ಗೂಡು ಬಿಡಿಸುವ ದಿನ ಬಂದಾಗಲೆಲ್ಲ ಅವರೇ ಹೇಳಿ ಕಳುಹಿಸುತ್ತಾರೆ. ಉಮ್ಮ ಅವರೊಂದಿಗೆ ಬ್ಯಾರಿಯಲ್ಲೇ ಮಾತನಾಡುತ್ತಾರೆ, ಅವರು ತೆಲುಗು ಬೆರೆತ ಕನ್ನಡದಲ್ಲಿ ಉತ್ತರ ಕೊಡುತ್ತಾರೆ. ನನಗಿಂತ ಚೆನ್ನಾಗಿ ಅವರಿಬ್ಬರ ಮಾತು ನಡೆಯುತ್ತದೆ. ಹಗಲಿನ ಹೆಂಗಸೂ ಪಕ್ಕದಲ್ಲಿ ಕೂತು ಗೂಡು ಬಿಡಿಸಿದಳು. ಜೊತೆಯಲ್ಲಿ ಕೆಲಸ ಮಾಡಿದವಳು ಎಂಬ ಲೆಕ್ಕದಲ್ಲಿ ಅವಳ ಕೈಯಿಂದ ಸ್ನಾನಕ್ಕೂ ಒಪ್ಪಿದರು.

ಒಂದು ಪ್ರಶ್ನೆ ನನ್ನನ್ನು ಬಹಳ ಕಾಡಿತ್ತು. “ಉಪ್ಪ ಎಲ್ಲಿ?” ಎಂದು ಕೇಳಿದಾಗ ಏನು ಹೇಳುವುದು? ತೀರಿಹೋದರು ಎಂದರೆ ಅವತ್ತೇ ಸುದ್ದಿ ತಿಳಿದವರಂತೆ ಅಳುತ್ತಿದ್ದರು, ಸಂಜೆ ಮತ್ತೆ ಕೇಳುತ್ತಿದ್ದರು. ಪೇಟೆಗೆ ಹೋಗಿದ್ದಾರೆ ಎಂದರೆ ಸುಳ್ಳು. ಸುಳ್ಳು ಹೇಳಬೇಡಿ ಎಂದು ಮಕ್ಕಳಿಗೆ ಕಲಿಸುವವನು ನಾನು. ಊರಿನ ನನ್ನ ಹಿರಿಯ ಉಸ್ತಾದರಲ್ಲಿ ಕೇಳಿದೆ. “ನಿನ್ನಲ್ಲಿ ಉತ್ತರ ಕೇಳುವುದಲ್ಲ ಅವರು. ಉಪ್ಪನ ಮಾತು ಆಡಬೇಕು ಎಂದು ಆಸೆ, ಅದನ್ನು ಆಡಲು ಬಿಡು” ಎಂದರು. ಈಗ ನಾನು, “ಉಪ್ಪನಿಗೆ ಯಾವ ಮೀನು ಇಷ್ಟ?” ಎಂದು ತಿರುಗಿ ಕೇಳುತ್ತೇನೆ. ಬಂಗುಡೆಯಿಂದ ಶುರುವಾದ ಮಾತು ಅರ್ಧ ಗಂಟೆ ಹೋಗುತ್ತದೆ. ನಮಾಜಿನ ವಿಷಯಕ್ಕೂ ಅವರು ಹಾಗೆಯೇ ಹೇಳಿದರು. ಝುಹರ್ ಮೂರು ಸಲ ಮಾಡಿದರೆ, ಕಿಬ್‌ಲಾ ತಪ್ಪಿದರೆ ತಿದ್ದಲು ಹೋಗಬೇಡ, ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರ ಲೆಕ್ಕ ಬರೆಯುವ ಲೇಖನಿ ಎತ್ತಲ್ಪಟ್ಟಿದೆ ಎಂದು. ಅಲ್ಲಿಯ ತನಕ ದಿನಕ್ಕೆ ಐದು ಸಲ ಅವರ ಮುಸಲ್ಲಾ ತಿರುಗಿಸಿ ಹಾಕಿ ಜಗಳ ಮಾಡಿಕೊಳ್ಳುತ್ತಿದ್ದೆ.

ಗೌಡರ ಮನೆಯಲ್ಲಿ ಈಗ ಹೊಸ ಬೆಳೆ, ಹುಳು ನಾಲ್ಕನೇ ಜ್ವರ ದಾಟಿದೆ. ಆ ಹಂತದಲ್ಲಿ ಸಾವಿರಾರು ಹುಳು ಒಟ್ಟಿಗೆ ಹಿಪ್ಪುನೇರಳೆ ಸೊಪ್ಪು ತಿನ್ನುವ ಶಬ್ದ ಹಂಚಿನ ಮೇಲೆ ಮಳೆ ಸುರಿದ ಹಾಗೆ ಇರುತ್ತದೆ. ನಿನ್ನೆ ರಾತ್ರಿ ಅವರ ಗೋಡೆಯ ಬದಿಯಿಂದ ಬರುವಾಗ ಉಮ್ಮ ನಿಂತು ಕಿವಿಗೊಟ್ಟರು. ಮನೆಗೆ ಬಂದವರೇ ಕಿಟಕಿ ಮುಚ್ಚಿಸಿದರು, ಅಂಗಳದಲ್ಲಿ ಒಣಗಲು ಹಾಕಿದ್ದನ್ನೆಲ್ಲ ಒಳಗೆ ತಾ ಎಂದರು. ಬೀಡಿ ಎಲೆ ಒದ್ದೆಯಾದರೆ ಬ್ರಾಂಚಿನವ ತೆಗೆದುಕೊಳ್ಳುವುದಿಲ್ಲವಂತೆ. ಹಗ್ಗದ ಮೇಲಿದ್ದ ಅವರ ಎರಡು ಚಾದರವನ್ನು ನಾನು ಒಳಗೆ ತಂದು ಹಾಕಿದೆ.