ಹಳೆಯ ಬೈಸಿಕಲ್ಲಿನ ದುರ್ಲಭ ಭಾಗಗಳ ಅನ್ವೇಷಣ

ಪ್ರಾಚೀನ ವಸ್ತುಗಳ ಅಭ್ಯಾಸವೆಂದರೆ ಶಾಸನ, ನಾಣ್ಯ, ಓಲೆಯ ಪ್ರತಿ ಇವುಗಳ ಅಭ್ಯಾಸವೆಂದೇ ವಿದ್ವಾಂಸರಲ್ಲಿ ಸಾಮಾನ್ಯವಾಗಿ ರೂಢಿಯಾಗಿರುವ ಭಾವನೆ. ಆದರೆ ಯಂತ್ರಗಳಿಗೂ ಒಂದು ಪ್ರಾಚೀನತೆಯುಂಟು. ಅವುಗಳಲ್ಲಿಯೂ ಮೂಲವಾದುದು, ಆಮೇಲೆ ಸೇರಿದುದು, ಲೋಪವಾದುದು ಎಂಬ ಭೇದಗಳಿರುವುವು; ಅವುಗಳನ್ನು ಗುರುತಿಸುವುದಕ್ಕೆ ಗ್ರಂಥಸಂಪಾದಕನಿಗೆ ಬೇಕಾದಂಥ ತಾಳ್ಮೆಯೂ ವಿವೇಕವೂ ಬೇಕಾಗುವುವು. ಈ ಮಾತಿಗೆ ಬೈಸಿಕಲ್ಲಿಗಿಂತ ಸುಲಭವಾದ ನಿದರ್ಶನವು ದೊರೆಯಲಾರದು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿ ಪಟ್ಟಣದಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬವನು ತನ್ನ ರೋವರ್ ಬೈಸಿಕಲ್ಲನ್ನು ಹೊರತಂದನು. 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದನು. ಅಂದಿನಿಂದ ಇಂದಿನವರೆಗೆ ಬೈಸಿಕಲ್ಲಿನ ಸಾಮಾನ್ಯ ಆಕಾರವು ಹೆಚ್ಚಾಗಿ ಬದಲಾಗಿಲ್ಲ. ಹೀಗಿದ್ದರೂ ಎಂಬತ್ತು ವರ್ಷಗಳ ಹಿಂದಿನ ಬೈಸಿಕಲ್ಲೊಂದಕ್ಕೆ ಸಣ್ಣದೊಂದು ಭಾಗವು ಬೇಕಾದಾಗ ಅದನ್ನು ತಿಂಗಳುಗಟ್ಟಲೆ ಹುಡುಕಬೇಕಾಗುವುದು. ಆಕಾರವು ಒಂದೇ ಆಗಿರುವಾಗ ಭಾಗಗಳು ಏಕೆ ದೊರೆಯುವುದಿಲ್ಲ? ಈ ಪ್ರಶ್ನೆಯನ್ನು ವಿಚಾರಮಾಡಿ, ಅನ್ವೇಷಣದ ಕ್ರಮವನ್ನು ತಿಳಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿರುತ್ತದೆ. ನಿದರ್ಶನಕ್ಕಾಗಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಟ್ಟಣದ ರ‍್ಯಾಲಿ ಬೈಸಿಕಲ್ಲುಗಳನ್ನು ಮುಖ್ಯವಾಗಿ ತೆಗೆದುಕೊಂಡಿದೆ.

1. ದುರ್ಲಭತೆಗೆ ಕಾರಣ

ವಸ್ತುವು ಹಳೆಯದಾದಷ್ಟೂ ಅದರ ಭಾಗಗಳು ದುರ್ಲಭವೆಂಬುದು ಮೇಲುನೋಟದ ಅಭಿಪ್ರಾಯ. ಪರಿಶೀಲಿಸಿದರೆ ಇದು ನಿಲ್ಲುವುದಿಲ್ಲ. ಭಾಗಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಸವೆಯುವುವಾದರೂ ಇಂದಿಗೂ ತಯಾರಾಗುತ್ತಿರುವುವು ಮೊದಲನೆಯ ವರ್ಗ: ಅರ್ಧ ಅಂಗುಲ ಅಂತರದ ಚೈನು, ಬೇರಿಂಗಿನ ಗುಂಡುಗಳು, ಸ್ಪೋಕುಗಳು ಈ ಗುಂಪಿಗೆ ಸೇರಿದುವು. ಸವೆಯದೆ ಕಳೆದುಹೋಗುವುವು ಎರಡನೆಯ ವರ್ಗ: ದೀಪದ ಬ್ರಾಕೆಟ್ಟು, ಮುಂಭಾಗದ ಲಾಂಛನದ ಬಿಲ್ಲೆ, ಚೈನುಪೆಟ್ಟಿಗೆಯ ಮುಚ್ಚಳ ಮುಂತಾದುವು. ಸವೆಯುವುವೂ ಆಗಿ, ತಯಾರಿಕೆಯೂ ನಿಂತುಹೋಗಿರುವುವು ಮೂರನೆಯ ವರ್ಗ. ನಿಜವಾದ ಕಷ್ಟವಿರುವುದು ಈ ಮೂರನೆಯದರಲ್ಲಿ. ಒಂದು ಭಾಗವು ಇದರಲ್ಲಿ ಸೇರುವುದಕ್ಕೆ ಕಾರಣ ಅದರ ವಯಸ್ಸಲ್ಲ, ಅಳತೆ. ಯಾವ ಅಳತೆಯು ಸರ್ವಸಾಮಾನ್ಯವಾಯಿತೋ ಅದರ ಭಾಗವು ನೂರು ವರ್ಷವಾದರೂ ಅಂಗಡಿಯಲ್ಲಿ ದೊರೆಯುವುದು. ಯಾವುದು ಒಬ್ಬ ತಯಾರಕನ ಸ್ವಂತದ್ದಾಗಿದ್ದಿತೋ ಅದು ಆ ಕಾರ್ಖಾನೆಯೊಡನೆ ಮುಗಿದುಹೋಗುವುದು.

ಆದುದರಿಂದ ಅನ್ವೇಷಕನು ಮೊದಲು ಕಲಿಯಬೇಕಾದುದು ಅಂಗಡಿಗಳ ವಿಳಾಸವನ್ನಲ್ಲ, ತನ್ನ ಕೈಯಲ್ಲಿರುವ ವಸ್ತುವನ್ನು ಓದುವುದನ್ನು.

2. ಒಂದೇ ಹೆಸರು, ಹಲವು ಅಳತೆ

ಟೈರುಗಳ ವಿಷಯದಲ್ಲಿ ಹೆಸರೇ ಮೊದಲನೆಯ ಮೋಸ. 26 ಅಂಗುಲದ ಟೈರು ಎಂಬ ಒಂದೇ ಹೆಸರಿನಲ್ಲಿ ಕಡಮೆಯೆಂದರೆ ಐದು ಬೇರೆ ಬೇರೆ ಅಳತೆಗಳು ರೂಢಿಯಲ್ಲಿರುವುವು. ಟೈರಿನ ಅಂಚು ರಿಮ್ಮಿನಲ್ಲಿ ಕೂರುವ ಸ್ಥಳದ ವ್ಯಾಸವು 559, 571, 584, 590, 597 ಮಿಲಿಮೀಟರು ಎಂದು ಬೇರೆಬೇರೆಯಾಗಿರುವುದು. ಇವುಗಳಲ್ಲಿ ಯಾವುದೊಂದೂ ಇನ್ನೊಂದಕ್ಕೆ ಸರಿಹೊಂದದು. ಸಾಮಾನ್ಯ ಇಂಗ್ಲಿಷ್ ಬೈಸಿಕಲ್ಲಿನ 26 × 1⅜ ಎಂಬುದು 590 ಮಿಲಿಮೀಟರಿನದು; 26 × 1¼ ಎಂಬ ಹಗುರವಾದ ಇಂಗ್ಲಿಷ್ ಚಕ್ರವು 597ರದು. ಇನ್ನೂ ವಿಚಿತ್ರವಾದುದೆಂದರೆ, 26 × 1¾ ಮತ್ತು 26 × 1.75 ಎಂಬ ಎರಡು ಬರಹಗಳು ಗಣಿತದಲ್ಲಿ ಒಂದೇ ಆಗಿದ್ದರೂ ಬೈಸಿಕಲ್ಲಿನಲ್ಲಿ ಒಂದಲ್ಲ: ಮೊದಲನೆಯದು 571 ಮಿಲಿಮೀಟರು, ಎರಡನೆಯದು 559. ಭಿನ್ನರಾಶಿಯಲ್ಲಿ ಬರೆದುದೂ ದಶಾಂಶದಲ್ಲಿ ಬರೆದುದೂ ಬೇರೆ ಬೇರೆ ಸಂಪ್ರದಾಯಗಳಿಗೆ ಸೇರಿದುವೆಂಬುದನ್ನು ನೆನಪಿನಲ್ಲಿಡತಕ್ಕದ್ದು. ನಾನಾರ್ಥಪದಗಳನ್ನು ಸಂದರ್ಭವಿಲ್ಲದೆ ಅರ್ಥೈಸುವಂತಿಲ್ಲವೆಂಬ ನಿಯಮವು ಇಲ್ಲಿಯೂ ಅನ್ವಯಿಸುವುದು.

ಈ ಭಾಗದಲ್ಲಿ ಭಾರತಕ್ಕೆ ಒಂದು ವಿಶೇಷ ಸಂಬಂಧವುಂಟು. ರಾಡ್ ಬ್ರೇಕಿನ ದೊಡ್ಡ ಇಂಗ್ಲಿಷ್ ಬೈಸಿಕಲ್ಲುಗಳ 28 × 1½ ಅಳತೆಯ ಚಕ್ರವು, ಎಂದರೆ 635 ಮಿಲಿಮೀಟರಿನದು, ತನ್ನ ಹುಟ್ಟೂರಿನಲ್ಲಿ ಬಳಕೆ ತಪ್ಪಿದರೂ ನಮ್ಮ ದೇಶದ ಹಳ್ಳಿಪಟ್ಟಣಗಳಲ್ಲಿ ಉಳಿದುಬಂದಿದೆ. ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಸ್ಪೋಕುಗಳೆಂಬ ಹಳೆಯ ಇಂಗ್ಲಿಷ್ ಪದ್ಧತಿಯೂ ಇಲ್ಲಿಯೇ ಉಳಿದಿರುವುದು. ಆದಕಾರಣ ಇಂಗ್ಲೆಂಡಿನಲ್ಲಿರುವ ಹಳೆಯ ಬೈಸಿಕಲ್ಲಿಗೆ ಭಾರತದಲ್ಲಿ ತಯಾರಾದ ಟೈರನ್ನು ಹಾಕುವ ಪ್ರಸಂಗವು ಅಪೂರ್ವವಲ್ಲ. ತೌರಿನಲ್ಲಿ ಮರೆತುಹೋದ ಪದವು ದೂರದ ಉಪಭಾಷೆಯಲ್ಲಿ ಉಳಿದುಬರುವುದನ್ನು ಭಾಷಾಶಾಸ್ತ್ರಜ್ಞರು ಬಲ್ಲರು, ಇದೂ ಅಂಥದೇ.

3. ತಿರುಪಿನ ಸುತ್ತುಗಳು

ಟೈರಿಗಿಂತ ಸೂಕ್ಷ್ಮವಾದುದು ತಿರುಪಿನ ಸುತ್ತು. ಪೆಡಲುಗಳ ಆಕ್ಸಲ್ಲು ತಿರುಗುವ ಸ್ಥಳಕ್ಕೆ ಬಾಟಂ ಬ್ರಾಕೆಟ್ ಎಂದು ಹೆಸರು. ಅದರ ಎರಡು ಪಕ್ಕಗಳಲ್ಲಿಯೂ ಬೇರಿಂಗಿನ ಗುಂಡುಗಳನ್ನು ಹಿಡಿದಿರುವ ಒಂದೊಂದು ಉಕ್ಕಿನ ಕಪ್ ತಿರುಪಿನಿಂದ ಸೇರಿಕೊಂಡಿರುವುದು. ಸಾಮಾನ್ಯ ಬ್ರಿಟಿಷ್ ಅಳತೆಯಲ್ಲಿ ಈ ತಿರುಪಿಗೆ ಅಂಗುಲಕ್ಕೆ 24 ಸುತ್ತುಗಳು. ರ‍್ಯಾಲಿ ಕಾರ್ಖಾನೆಯವರು ತಮ್ಮ ಸ್ವಂತ ಪದ್ಧತಿಯಂತೆ 26 ಸುತ್ತುಗಳನ್ನು ಕೊರೆಯುತ್ತಿದ್ದರು. ವ್ಯಾಸವು ಎರಡಕ್ಕೂ ಒಂದೇ. ಒಂದು ಸುತ್ತಿನ ಅಂತರವು ಮೊದಲನೆಯದರಲ್ಲಿ 1.058 ಮಿಲಿಮೀಟರು, ಎರಡನೆಯದರಲ್ಲಿ 0.977 ಮಿಲಿಮೀಟರು, ವ್ಯತ್ಯಾಸವು ಮಿಲಿಮೀಟರಿನ ಹನ್ನೆರಡರಲ್ಲೊಂದು ಭಾಗ ಮಾತ್ರ. ಕಣ್ಣಿಗೆ ಇದು ಕಾಣುವುದಿಲ್ಲ. 24 ಸುತ್ತಿನ ಕಪ್ಪನ್ನು 26 ಸುತ್ತಿನ ಬ್ರಾಕೆಟ್ಟಿಗೆ ಹಾಕಿದರೆ ಮೊದಲು ಸ್ವಲ್ಪ ಒಳಹೋಗುವುದು, ಆಮೇಲೆ ಬಿಗಿಯುವುದು. ಆರು ಸುತ್ತಿನ ಉದ್ದಕ್ಕೆ ವ್ಯತ್ಯಾಸವೆಲ್ಲ ಕೂಡಿ ಅರ್ಧ ಸುತ್ತಿನಷ್ಟಾಗುವುದೇ ಇದಕ್ಕೆ ಕಾರಣ. ತಿಳಿಯದವನು ಅದನ್ನು ತುಕ್ಕಿನ ಬಿಗಿಯೆಂದು ಭಾವಿಸಿ ದೊಡ್ಡ ಪಾನೆಯಿಂದ ತಿರುಗಿಸುವನು. ಆಗ ಫ್ರೇಮಿನೊಳಗಿನ ಮೂಲದ ಸುತ್ತುಗಳು ನಾಶವಾಗುವುವು.

ಫ್ರಾನ್ಸಿನ ಹಳೆಯ ಬೈಸಿಕಲ್ಲುಗಳಲ್ಲಿ ವ್ಯಾಸವು 35 ಮಿಲಿಮೀಟರು, ಸುತ್ತಿನ ಅಂತರ 1 ಮಿಲಿಮೀಟರು. ಬ್ರಿಟಿಷ್ ವ್ಯಾಸವು 34.8 ಮಿಲಿಮೀಟರು. ಎಂದರೆ ಮೂರು ಪದ್ಧತಿಗಳೂ ಒಂದನ್ನೊಂದು ಮೋಸಗೊಳಿಸುವಷ್ಟು ಹತ್ತಿರವಾಗಿರುವುವು. ಇದಲ್ಲದೆ ದಿಕ್ಕಿನ ಭೇದವೂ ಉಂಟು: ಬ್ರಿಟಿಷ್ ಪದ್ಧತಿಯಲ್ಲಿ ಚೈನಿನ ಕಡೆಯ ಕಪ್ಪಿಗೆ ಎಡತಿರುಪು, ಇಟಲಿಯ ಪದ್ಧತಿಯಲ್ಲಿ ಎರಡು ಕಡೆಗೂ ಬಲತಿರುಪು. ಹಳಗನ್ನಡದ ಪ್ರತಿಗಳಲ್ಲಿ ೞಕಾರಕ್ಕೆ ಬದಲಾಗಿ ಲಿಪಿಕಾರನು ಳಕಾರವನ್ನು ಬರೆದಾಗ ಸಾಮಾನ್ಯ ಓದುಗನಿಗೆ ಅರ್ಥಭೇದವೇನೂ ತೋರುವುದಿಲ್ಲ. ಆದರೆ ರಳ ಕುಳಗಳ ವಿವೇಕವುಳ್ಳವನಿಗೆ ಶಬ್ದದ ಮೂಲವೇ ಅಲ್ಲಿ ಅಳಿಸಿಹೋದಂತೆ ಕಾಣುವುದು. 24ಕ್ಕೂ 26ಕ್ಕೂ ಇರುವ ಭೇದವು ಅಂಥದು.

4. ಕಾಲನಿರ್ಣಯ

ಭಾಗವನ್ನು ಹುಡುಕುವುದಕ್ಕೆ ಮೊದಲು ಬೈಸಿಕಲ್ಲಿನ ಕುಲವನ್ನೂ ಕಾಲವನ್ನೂ ನಿರ್ಣಯಿಸಬೇಕು. ಕುಲನಿರ್ಣಯಕ್ಕೆ ಚೈನ್‌ವೀಲು ಒಳ್ಳೆಯ ಸಾಧನ. ತಾಮ್ರಶಾಸನದ ಮುದ್ರೆಯಲ್ಲಿ ವರಾಹವನ್ನು ಕಂಡೊಡನೆ ಚಾಲುಕ್ಯರ ನೆನಪಾಗುವಂತೆ, ಚೈನ್‌ವೀಲಿನಲ್ಲಿ ಬಕಪಕ್ಷಿಯ ತಲೆಗಳಿದ್ದರೆ ರ‍್ಯಾಲಿಯೆಂದೂ, ಹಸ್ತದ ಚಿಹ್ನೆಯಿದ್ದರೆ ರಜ್ ಎಂದೂ, ಐದು ಮನುಷ್ಯಾಕೃತಿಗಳಿದ್ದರೆ ಹಂಬರ್ ಎಂದೂ ತಿಳಿಯಬಹುದು. ಆದರೆ ಹಂಬರ್ ಬೈಸಿಕಲ್ಲುಗಳ ಹಕ್ಕು 1932ರಲ್ಲಿಯೂ ರಜ್ ಬೈಸಿಕಲ್ಲುಗಳದು 1943ರಲ್ಲಿಯೂ ರ‍್ಯಾಲಿಯವರ ವಶವಾದುವು. ಆದುದರಿಂದ ಆಮೇಲಿನ ಹಂಬರ್ ಮತ್ತು ರಜ್‌ಗಳಲ್ಲಿ ಲಾಂಛನವು ಬೇರೆಯಾದರೂ ಒಳಗಿನ ಅಳತೆಗಳು ನಾಟಿಂಗ್‌ಹ್ಯಾಮಿನವೇ ಇರಬಹುದು. ಇದಕ್ಕೆ ವಿರುದ್ಧವಾಗಿ ಬಿ.ಎಸ್.ಎ. ಎಂಬ ಒಂದೇ ಹೆಸರು ಬರ್ಮಿಂಗ್‌ಹ್ಯಾಮಿನ ಹಳೆಯ ಬೈಸಿಕಲ್ಲಿಗೂ ಮದರಾಸಿನ ಬಳಿಯ ಅಂಬತ್ತೂರಿನ ಕಾರ್ಖಾನೆಯ ಬೈಸಿಕಲ್ಲಿಗೂ ಉಂಟು; ಹೆಸರೊಂದೇ ಎಂದು ಭಾಗಗಳನ್ನು ಒಂದೆಂದು ಭಾವಿಸಲಾಗದು.

ಕಾಲನಿರ್ಣಯಕ್ಕೆ ಸಹಾಯವಾಗುವುದು ಹಿಂದಿನ ಚಕ್ರದ ಗುಂಬ, ಎಂದರೆ ಹಬ್. ನಾಟಿಂಗ್‌ಹ್ಯಾಮಿನಲ್ಲಿಯೇ 1902ರಲ್ಲಿ ಆರಂಭವಾದ ಸ್ಟರ್ಮಿ-ಆರ್ಚರ್ ಸಂಸ್ಥೆಯವರ ಮೂರು ವೇಗದ ಹಬ್‌ಗಳ ಮೇಲೆ, ವಿಶೇಷವಾಗಿ ಎರಡನೆಯ ಮಹಾಯುದ್ಧದ ತರುವಾಯದವುಗಳ ಮೇಲೆ, ತಯಾರಾದ ವರ್ಷವನ್ನು ಸೂಚಿಸುವ ಅಂಕಗಳನ್ನು ಒತ್ತಿರುವರು. 52 ಮತ್ತು 3 ಎಂಬ ಅಂಕಗಳಿದ್ದರೆ 1952ನೆಯ ಇಸವಿಯ ಮಾರ್ಚಿ ತಿಂಗಳೆಂದು ಅರ್ಥ. ಆದರೂ ಎಚ್ಚರಿಕೆ ಬೇಕು. ಅಂಕವು ಹಬ್ಬಿನ ಕಾಲವನ್ನು ಹೇಳುವುದೇ ಹೊರತು ಬೈಸಿಕಲ್ಲಿನದನ್ನಲ್ಲ. ಚಕ್ರವನ್ನು ಬದಲಾಯಿಸಿರಬಹುದು. ಮಾತೃಕೆಯ ಕಾಲವನ್ನು ಪ್ರತಿಕಾರನು ಹಾಗೆಯೇ ಎತ್ತಿ ಬರೆದಿರುವ ಓಲೆಗಳಲ್ಲಿ ಬರುವ ತೊಡಕೇ ಇಲ್ಲಿಯೂ ಬರುವುದು. ಫ್ರೇಮು, ಬಣ್ಣ, ಬ್ರೇಕು, ಚೈನ್‌ವೀಲು ಇವುಗಳ ಸಾಕ್ಷ್ಯವೆಲ್ಲ ಒಂದುಗೂಡಿದಾಗ ಮಾತ್ರ ಕಾಲವು ನಿಶ್ಚಿತವಾಗುವುದು.

ಇದೇ ಸಂಸ್ಥೆಯ ಎ.ಡಬ್ಲ್ಯು. ಎಂಬ ಹಬ್ 1936ರ ಸುಮಾರಿನಲ್ಲಿ ಹುಟ್ಟಿ, ದಶಕಗಳ ಕಾಲ ಹೆಚ್ಚು ಬದಲಾವಣೆಯಿಲ್ಲದೆ ತಯಾರಾಯಿತು. ಆದುದರಿಂದ ಅದರ ಒಳಭಾಗಗಳು ಈಗಲೂ ಸುಲಭವಾಗಿ ದೊರೆಯುವುವು. 1950ರ ದಶಕದ ನಡುವೆ ಬಂದು ಕೆಲವೇ ವರ್ಷಗಳಲ್ಲಿ ನಿಂತುಹೋದ ಎಸ್.ಡಬ್ಲ್ಯು. ಎಂಬ ಹಬ್ಬಿನ ಭಾಗಗಳಾದರೋ ದುರ್ಲಭ. ಕಿರಿಯದು ದುರ್ಲಭ, ಹಿರಿಯದು ಸುಲಭ! ವಯಸ್ಸು ಕಾರಣವಲ್ಲವೆಂದು ಮೇಲೆ ಹೇಳಿದುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಡ.

5. ಅನ್ವೇಷಣದ ಕ್ರಮ

ಮೊದಲನೆಯದಾಗಿ, ಭಾಗವು ನಿಜವಾಗಿಯೂ ಬೇಕೇ ಎಂಬುದನ್ನು ನಿಶ್ಚಯಿಸಬೇಕು. ಬಾಟಂ ಬ್ರಾಕೆಟ್ಟು ಸದ್ದುಮಾಡಿದರೆ ಕಪ್ಪು ಸವೆದಿದೆಯೆಂದೇ ಅರ್ಥವಲ್ಲ. ಒಂದೊಂದು ಕಡೆಗೆ ಹನ್ನೊಂದರಂತೆ ಕಾಲು ಅಂಗುಲದ ಹೊಸ ಗುಂಡುಗಳನ್ನೂ ಹೊಸ ಗ್ರೀಸನ್ನೂ ಹಾಕಿದರೆ ಹಲವು ವೇಳೆ ದೋಷವು ನಿವಾರಣೆಯಾಗುವುದು. ಚೈನಿನ ಕಡೆಯ ಕಪ್ಪನ್ನು, ಅದು ಚೆನ್ನಾಗಿದ್ದಲ್ಲಿ, ಬಿಚ್ಚದಿರುವುದೇ ಲೇಸು.

ಎರಡನೆಯದಾಗಿ, ಅಳತೆ. ವರ್ನಿಯರ್ ಕ್ಯಾಲಿಪರಿನಿಂದ ವ್ಯಾಸವನ್ನೂ, ಹಲ್ಲುಗಳುಳ್ಳ ಥ್ರೆಡ್ ಗೇಜಿನ ಪಟ್ಟಿಯಿಂದ ಸುತ್ತುಗಳನ್ನೂ ಅಳೆದು ಬರೆದಿಡಬೇಕು. ಸ್ಟರ್ಮಿ-ಆರ್ಚರ್ ಹಬ್ಬಿನ ಸೂಚಕ ಕಡ್ಡಿಯನ್ನು, ಎಂದರೆ ಗೇರಿನ ತಂತಿಗೆ ಸೇರುವ ಸಣ್ಣ ಚೈನಿನ ಕಡ್ಡಿಯನ್ನು, ಹುಡುಕುವವನು ಆಕ್ಸಲ್ಲಿನ ಉದ್ದವು 5¾ ಅಂಗುಲವೋ 6¼ ಅಂಗುಲವೋ ಎಂಬುದನ್ನು ತಿಳಿಯದೆ ಹೊರಟರೆ ಶ್ರಮವು ವ್ಯರ್ಥವಾಗುವುದು.

ಮೂರನೆಯದಾಗಿ, ತಯಾರಕರ ಹಳೆಯ ಕ್ಯಾಟಲಾಗುಗಳ ಅಭ್ಯಾಸ. ಇಂಗ್ಲೆಂಡಿನಲ್ಲಿ 1955ರಲ್ಲಿ ಸ್ಥಾಪಿತವಾದ ವೆಟರನ್-ಸೈಕಲ್ ಕ್ಲಬ್ ಎಂಬ ಸಂಘವು ಇಂಥ ಕ್ಯಾಟಲಾಗುಗಳನ್ನು ಸಂಗ್ರಹಿಸಿ ಅನ್ವೇಷಕರಿಗೆ ಮಹದುಪಕಾರವನ್ನು ಮಾಡಿದೆ.

ನಾಲ್ಕನೆಯದಾಗಿ, ಎಲ್ಲಿ ಹುಡುಕಬೇಕೆಂಬುದು. ತನ್ನ ಬೈಸಿಕಲ್ಲಿನಂಥದೇ ಅಪೂರ್ವವಾದ ಇನ್ನೊಂದನ್ನು ಹುಡುಕುವುದು ಬಹುಜನರ ಅಭ್ಯಾಸ. ಇದು ಸರಿಯಲ್ಲ. ಅದೇ ಕಾರ್ಖಾನೆಯ ಸಾಧಾರಣವಾದ, ಬೆಲೆಯಿಲ್ಲದ, ತುಕ್ಕುಹಿಡಿದ ಬೈಸಿಕಲ್ಲನ್ನು ಹುಡುಕಬೇಕು. 1930ರ ದಶಕದ ಉತ್ತಮವಾದ ರ‍್ಯಾಲಿಗೆ ಬೇಕಾದ 26 ಸುತ್ತಿನ ಕಪ್ ಮೂವತ್ತು ವರ್ಷ ಕಿರಿದಾದ ಸಾಮಾನ್ಯ ರ‍್ಯಾಲಿಯೊಂದರಲ್ಲಿ ದೊರೆಯಬಹುದು. ಒಂದೇ ಶಾಖೆಗೆ ಸೇರಿದ ಸಾಮಾನ್ಯ ಪ್ರತಿಯಿಂದ ಉತ್ತಮ ಪ್ರತಿಯ ಲೋಪವನ್ನು ತುಂಬಿಕೊಳ್ಳುವುದು ಸಂಪಾದಕರಿಗೆ ಹೊಸದಲ್ಲ. ನಮ್ಮ ಊರುಗಳಲ್ಲಿಯಾದರೆ ಹಳೆಯ ಸೈಕಲ್ ಷಾಪುಗಳ ಅಟ್ಟ, ಗುಜರಿ ಅಂಗಡಿ ಇವೆರಡೂ ನೋಡತಕ್ಕ ಸ್ಥಳಗಳು. ಅಲ್ಲಿ ಭಾಗದ ಇಂಗ್ಲಿಷ್ ಹೆಸರನ್ನು ಹೇಳುವುದಕ್ಕಿಂತ ಸವೆದ ಭಾಗವನ್ನೇ ಮುಂದಿಡುವುದು ಫಲಕಾರಿ. ಅನುಭವಶಾಲಿಯಾದ ಕೆಲಸಗಾರನು ಕೈಬೆರಳಿನಿಂದಲೇ ಭೇದವನ್ನು ಗ್ರಹಿಸಬಲ್ಲನು.

6. ದೊರೆಯದಿದ್ದಾಗ ಮಾಡತಕ್ಕದ್ದು

ಎಷ್ಟು ಹುಡುಕಿದರೂ ಭಾಗವು ದೊರೆಯದಿದ್ದರೆ ಮಾಡುವುದೇನು? ಇಲ್ಲಿಯೇ ನಿಜವಾದ ಹೊಣೆಯಿರುವುದು. ಲೇತಿನಲ್ಲಿ ಹೊಸ ಕಪ್ಪನ್ನು ಮೂಲದ ಅಳತೆಗೆ ಕೊರೆಯಿಸುವುದು ಒಂದು ಮಾರ್ಗ. ಸುತ್ತುಗಳ ಸಹಾಯವಿಲ್ಲದೆ ಒಳಗೇ ಹಿಗ್ಗಿ ನಿಲ್ಲುವ ಹೊಸ ಮಾದರಿಯ ಬ್ರಾಕೆಟ್ಟನ್ನು ಸೇರಿಸುವುದು ಇನ್ನೊಂದು. ಫ್ರೇಮಿನ 26 ಸುತ್ತುಗಳ ಮೇಲೆಯೇ 24ನ್ನು ಕೊರೆಯುವುದು ಮೂರನೆಯದು. ಇದೇ ಅಗ್ಗವೆಂದು ತೋರುವುದು, ಇದನ್ನೇ ಬಹಳ ಕಡೆ ಮಾಡುವರು. ಮೊದಲಿನ ಎರಡರಲ್ಲಿ ಮೂಲವು ಹಾಗೆಯೇ ಉಳಿದಿರುವುದು. ನಾಳೆ ಸರಿಯಾದ ಭಾಗವು ದೊರೆತರೆ ಮೊದಲಿನ ಸ್ಥಿತಿಗೆ ತರಬಹುದು. ಮೂರನೆಯದರಲ್ಲಿ ಹಿಂದಿರುಗುವ ದಾರಿಯೇ ಇಲ್ಲ. ಎರಡು ಬಗೆಯ ಸುತ್ತುಗಳು ಒಂದರ ಮೇಲೊಂದು ಬಿದ್ದು ಎರಡೂ ಬಲಹೀನವಾಗುವುವು. ಫ್ರೇಮು ತಾನು ಯಾವ ಕಾರ್ಖಾನೆಯದೆಂಬುದಕ್ಕೆ ಇದ್ದ ಸಾಕ್ಷ್ಯವೂ ಅಲ್ಲಿಗೆ ಹೋಗುವುದು.

ನಾಟಿಂಗ್‌ಹ್ಯಾಮಿನ ಸ್ಟರ್ಮಿ-ಆರ್ಚರ್ ಕಾರ್ಖಾನೆಯ ಕೆಲಸವು 2000ದಲ್ಲಿ ಮುಗಿದು, ಆ ಹೆಸರೂ ಯಂತ್ರಗಳೂ ತೈವಾನಿನ ಸಂಸ್ಥೆಯೊಂದಕ್ಕೆ ಸೇರಿದುವು. ರ‍್ಯಾಲಿಯವರು ಅಲ್ಲಿ ಬೈಸಿಕಲ್ಲುಗಳನ್ನು ಜೋಡಿಸುವುದೂ 2002ರಲ್ಲಿ ನಿಂತಿತು. ಆ ಕಾರ್ಖಾನೆಯಿಂದ ಹೊರಟ ಫ್ರೇಮುಗಳ ಸಂಖ್ಯೆಯು ಇನ್ನು ಕಡಮೆಯಾಗಬಹುದೇ ಹೊರತು ಹೆಚ್ಚಲಾರದು. ಆದುದರಿಂದ ಹಳೆಯ ಬೈಸಿಕಲ್ಲನ್ನು ಕೈಗೆತ್ತಿಕೊಳ್ಳುವವರು ಮೂರು ನಿಯಮಗಳನ್ನು ಪಾಲಿಸುವುದು ಯುಕ್ತ: ಅಳೆಯದೆ ತಿರುಗಿಸಬಾರದು, ಬಿಚ್ಚಿದ ಮೂಲಭಾಗವನ್ನು, ಎಷ್ಟೇ ಸವೆದಿರಲಿ, ಚೀಟಿಕಟ್ಟಿ ಇಟ್ಟುಕೊಳ್ಳಬೇಕು, ಬದಲಿಗೆ ಹಾಕಿದುದನ್ನು ಇಸವಿಯೊಡನೆ ಬರೆದಿಡಬೇಕು. ಪಾಠವನ್ನು ತಿದ್ದಿದ ಸಂಪಾದಕನು ಮೂಲಪಾಠವನ್ನು ಅಡಿಯಲ್ಲಿ ಕೊಡುವುದು ಮುಂದಿನ ವಿದ್ವಾಂಸನಿಗೆ ತನ್ನ ನಿರ್ಣಯವನ್ನು ಪರೀಕ್ಷಿಸಲು ಅವಕಾಶವಿರಲೆಂದು. ಸವೆದ ಕಪ್ಪನ್ನು ಡಬ್ಬಿಯಲ್ಲಿಡುವುದಕ್ಕೂ ಕಾರಣ ಅದೇ: ಮುಂದೆ ಆ ಬೈಸಿಕಲ್ಲು ಯಾರ ಕೈಗೆ ಸೇರುವುದೋ ಅವರಿಗೆ ಅಳೆಯುವುದಕ್ಕೆ ಒಂದು ಮೂಲವಾದರೂ ಇರುವುದು.